ಮಾರುವ ಮನೆಗೆ ಎಷ್ಟು ದುರಸ್ತಿ: ನನ್ನ ಅನುಭವ

18 ವರ್ಷ ಬಾಳಿದ ಮನೆಯ ಕುಂದುಗಳು ಬಾಳಿದವರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮಲಗುವ ಕೋಣೆಯ ಬಾಗಿಲನ್ನು ತುಸು ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ಚಿಲಕ ಬೀಳುತ್ತಿತ್ತು. ಅದೊಂದು ದೋಷವೆಂದು ನನಗೆ ಅನಿಸಿಯೇ ಇರಲಿಲ್ಲ. ಕೈ ತಾನಾಗಿಯೇ ಎತ್ತುತ್ತಿತ್ತು, ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮನೆ ಮಾರುವುದೆಂದು ತೀರ್ಮಾನಿಸಿದ ಮೇಲೆ ನೋಡಲು ಬಂದ ಮೊದಲ ದಂಪತಿ ಆ ಬಾಗಿಲನ್ನು ಎರಡು ಸಲ ತಳ್ಳಿದರು. ಎರಡೂ ಸಲ ಅದು ನೆಲಕ್ಕೆ ಉಜ್ಜಿ ನಿಂತಿತು. ಅವರು ಏನೂ ಹೇಳಲಿಲ್ಲ. ಆದರೆ ಅದುವರೆಗೆ ಕಿಟಕಿಯ ಬೆಳಕು, ಕೋಣೆಯ ಅಳತೆ ನೋಡುತ್ತಿದ್ದವರು ಅಲ್ಲಿಂದ ಮುಂದೆ ಗೋಡೆಯ ಮೂಲೆಗಳನ್ನೂ ಸೀಲಿಂಗಿನ ಕಲೆಗಳನ್ನೂ ಹುಡುಕತೊಡಗಿದರು. ಮತ್ತೆ ಅವರ ಫೋನು ಬರಲಿಲ್ಲ.

ಆ ಬಾಗಿಲಿಗೆ ಬೇಕಿದ್ದದ್ದು ಅರ್ಧ ಗಂಟೆಯ ಕೆಲಸ. ಮೇಲಿನ ಕೀಲಿನ ಸ್ಕ್ರೂಗಳು ಕೂತಿದ್ದ ರಂಧ್ರ ಅಗಲವಾಗಿತ್ತು. ಬೆಂಕಿಕಡ್ಡಿಗಳಿಗೆ ಮರದ ಅಂಟು ಸವರಿ ರಂಧ್ರಕ್ಕೆ ತುರುಕಿ, ಒಣಗಿದ ಮೇಲೆ ಅದೇ ಸ್ಕ್ರೂಗಳನ್ನು ಬಿಗಿದೆ. ಬಾಗಿಲು ಒಂದು ಬೆರಳಿಗೆ ಮುಚ್ಚಿತು. ನನಗೆ ನಾಚಿಕೆಯಾಯಿತು.

ಅಂದು ಸಂಜೆ ನಾನೂ ನನ್ನ ಹೆಂಡತಿಯೂ ಒಂದು ನೋಟುಪುಸ್ತಕ ಹಿಡಿದು, ಹೊರಬಾಗಿಲಿನಿಂದ ತಾರಸಿಯವರೆಗೆ, ಬೇರೆಯವರ ಮನೆಗೆ ಬಂದವರಂತೆ ನಡೆದೆವು. ಬರೆದು ಮುಗಿಸಿದಾಗ 34 ಕೆಲಸಗಳಾಗಿದ್ದವು. ಎಲ್ಲವನ್ನೂ ಮಾಡಿಸಹೊರಟರೆ ಮನೆ ಮಾರಿ ಬರುವ ಹಣದಲ್ಲಿ ದೊಡ್ಡ ಪಾಲು ಮನೆಗೇ ಹೋಗುತ್ತಿತ್ತು. ಕೊನೆಗೆ ಮಾಡಿಸಿದ್ದು 11. ಆ ಹನ್ನೊಂದನ್ನು ಆರಿಸುವ ಬುದ್ಧಿ ಬರುವ ಮೊದಲು ಮಾಡಿದ ಎಡವಟ್ಟನ್ನು ಹೇಳಬೇಕು.

ನಡುಮನೆಯಲ್ಲಿ, ಸ್ನಾನದ ಕೋಣೆಗೆ ಅಂಟಿಕೊಂಡ ಗೋಡೆಯ ಮೇಲೆ ಮೊಣಕಾಲೆತ್ತರದವರೆಗೆ ತೇವದ ಕಲೆಯಿತ್ತು. ಬಣ್ಣದವರನ್ನು ಕರೆಸಿ ಕೆರೆಸಿದೆ, ಪುಟ್ಟಿ ಹಾಕಿಸಿದೆ, ಎರಡು ಕೋಟ್ ಬಣ್ಣ ಹೊಡೆಸಿದೆ. ಮೂರು ದಿನದಲ್ಲಿ ಗೋಡೆ ಹಾಲಿನಂತೆ ಬೆಳ್ಳಗಾಯಿತು. ಎರಡು ವಾರದ ನಂತರ ಇನ್ನೊಬ್ಬರು ಮನೆ ನೋಡಲು ಬಂದರು, ನಿವೃತ್ತಿಯ ಅಂಚಿನಲ್ಲಿದ್ದ, ಮಾತು ಕಡಿಮೆಯ ಮನುಷ್ಯ. ಆ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಣ್ಣದಲ್ಲಿ ಕಡಲೆಕಾಳಿನಷ್ಟು ದೊಡ್ಡ ನಾಲ್ಕೈದು ಗುಳ್ಳೆಗಳು ಎದ್ದಿದ್ದವು. ಒಂದನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಒಡೆದು ಒಳಗಿನಿಂದ ಬಿಳಿ ಉಪ್ಪಿನಂಥ ಪುಡಿ ಅವರ ಉಗುರಿಗೆ ಅಂಟಿತು. ಬೆರಳು ಒರೆಸಿಕೊಳ್ಳುತ್ತಾ, ‘ಇಡೀ ಮನೆಯಲ್ಲಿ ಈ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಯಾಕೆ?’ ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಕಲೆಯನ್ನು ಹಾಗೆಯೇ ಬಿಟ್ಟಿದ್ದರೆ ಅವರು ‘ಇಲ್ಲಿ ನೀರು ಜಿನುಗುತ್ತಿದೆ’ ಎನ್ನುತ್ತಿದ್ದರು, ಬೆಲೆಯಲ್ಲಿ ಒಂದಿಷ್ಟು ಇಳಿಸಲು ಕೇಳುತ್ತಿದ್ದರು. ಬಣ್ಣ ಬಳಿದಿದ್ದರಿಂದ ನಾನು ಮುಚ್ಚಿಡುವವನಾದೆ. ಮುಚ್ಚಿಡುವವನ ಮನೆಯಲ್ಲಿ ನೆಲ, ತಾರಸಿ, ಕಾಗದಪತ್ರ ಎಲ್ಲದರ ಮೇಲೂ ಅನುಮಾನ. ಅವರೂ ಹೋದರು.

ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಕೂತೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪಟ್ಟಿಯಲ್ಲಿದ್ದ ಉಳಿದೆಲ್ಲ ಕೆಲಸಗಳಿಗಿಂತ ನನ್ನ ಹೆಚ್ಚು ದಿನಗಳನ್ನು ತಿಂದದ್ದು ಇದೇ. ಗುಳ್ಳೆಯೆದ್ದ ಜಾಗದಲ್ಲಿ ಬಣ್ಣ ಕೆರೆದು, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆ. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಗೋಡೆಯ ಕಡೆಯ ಮೈಯಲ್ಲಿ ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ ಎಂದು ಲೆಕ್ಕ. ಎರಡು ದಿನ ಬಿಟ್ಟು ನೋಡಿದಾಗ ಹಾಳೆಯ ಒಳಮೈ ಬೆವತಿತ್ತು. ನಂತರ ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದುಕೊಂಡು, ಎರಡು ಗಂಟೆ ಯಾರೂ ನೀರು ಮುಟ್ಟದಂತೆ ನೋಡಿಕೊಂಡೆ. ಅಂಕಿ ಕದಲಲಿಲ್ಲ. ಎಂದರೆ ಸದಾ ನೀರು ತುಂಬಿರುವ ಪೈಪು ಒಡೆದಿಲ್ಲ. ಇನ್ನು ಉಳಿದದ್ದು ಬಳಸಿದಾಗ ಮಾತ್ರ ನೀರು ಹರಿಯುವ ಜಾಗಗಳು.

ಹಿರಿಯ ಪ್ಲಂಬರ್ ಒಬ್ಬರು ಬಂದರು. ಕೈಯಲ್ಲಿದ್ದ ಸ್ಪ್ಯಾನರಿನ ಹಿಡಿಯಿಂದ ಸ್ನಾನದ ಕೋಣೆಯ ಟೈಲ್ಸ್‌ಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಮೂಲೆಯ ಮೂರು ಟೈಲ್ಸ್ ಬಳಿ ಸದ್ದು ಟೊಳ್ಳಾಯಿತು. ‘ಸಾರ್, ಒಂದು ಹತ್ತು ದಿನ ಇಲ್ಲಿ ಸ್ನಾನ ಮಾಡಬೇಡಿ. ಗೋಡೆ ಒಣಗಿ ಬಿಳಿಚಿಕೊಂಡರೆ ನನ್ನನ್ನು ಕರೆಯಿರಿ, ಇಲ್ಲದಿದ್ದರೆ ಬೇರೆ ಕಡೆ ನೋಡೋಣ’ ಎಂದರು. ಅಂದು ಅವರು ಏನನ್ನೂ ಒಡೆಯಲಿಲ್ಲ. ಬಂದ ತಕ್ಷಣ ಸುತ್ತಿಗೆ ಎತ್ತದ ಕೆಲಸಗಾರರನ್ನು ಕಂಡರೆ ಅಂದಿನಿಂದ ನನಗೆ ವಿಶೇಷ ಗೌರವ.

ಗೋಡೆ ಬಿಳಿಚಿಕೊಂಡಿತು. ಟೈಲ್ಸ್ ಸಂದಿ ತುಂಬುವ ಗಾರೆ, ಅಂದರೆ ಗ್ರೌಟ್, ಉದುರಿ, ಸ್ನಾನದ ನೀರು ಅಲ್ಲಿಂದ ಇಳಿಯುತ್ತಿತ್ತು. ಮೂರು ಟೈಲ್ಸ್ ತೆಗೆದು ಮತ್ತೆ ಕೂರಿಸಿ, ಇಡೀ ಕೋಣೆಯ ಹಳೆಯ ಗ್ರೌಟ್ ಕೆರೆದು ಹೊಸದು ತುಂಬಿ, ಗೋಡೆ ಮತ್ತು ನೆಲ ಸೇರುವ ಮೂಲೆಗೆ ಸಿಲಿಕೋನ್ ಹಾಕಿ 24 ಗಂಟೆ ಒಣಗಲು ಬಿಟ್ಟೆವು. ನಡುಮನೆಯ ಕಡೆ ಉಪ್ಪು ಹಿಡಿದ ಗಿಲಾವನ್ನು ಕಿತ್ತು ಇಟ್ಟಿಗೆಯನ್ನು ತೆರೆದಿಟ್ಟೆವು. ತೇವ ಹಿಡಿದ ಗೋಡೆ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಲು ತೆಗೆದುಕೊಳ್ಳುತ್ತದೆ ಎಂಬುದು ಕಟ್ಟಡದವರ ಸ್ಥೂಲ ಲೆಕ್ಕ. ನಾವು ಎರಡೂವರೆ ತಿಂಗಳು ಕಾದೆವು. ನೀರಿಗೆ ಸಂಬಂಧಿಸಿದ ಯಾವುದೇ ದುರಸ್ತಿಯಲ್ಲಿ ಹಣಕ್ಕಿಂತ ಹೆಚ್ಚಾಗಿ ದಿನಗಳು ಖರ್ಚಾಗುತ್ತವೆ. ನಾನು ಮಾಡಿದಂತೆ ಕೊನೆಗೆ ಇಟ್ಟುಕೊಳ್ಳದೆ, ಮಾರುವ ಯೋಚನೆ ಹೊಳೆದ ದಿನವೇ ಅದಕ್ಕೆ ಕೈಹಾಕಬೇಕು.

ಆ ಕಾಯುವ ಕಾಲದಲ್ಲಿ ಪಟ್ಟಿಯನ್ನು ಮತ್ತೆ ತೆರೆದೆವು. ಮೊದಲು ನಾನು ಹಿಡಿದಿದ್ದ ಅಳತೆಗೋಲು ‘ಯಾವುದು ಹೆಚ್ಚು ಹಳೆಯದಾಗಿ ಕಾಣುತ್ತದೆ’ ಎಂಬುದು. ಆ ಲೆಕ್ಕದಲ್ಲಿ ಅಡುಗೆಮನೆಯ ಕಪಾಟುಗಳಿಗೇ ಮೊದಲ ಸ್ಥಾನ. ಬಡಗಿಯಿಂದ ಅಂದಾಜುಪಟ್ಟಿಯನ್ನೂ ತರಿಸಿದ್ದೆ. ಮೊತ್ತ ನೋಡಿದ ನನ್ನ ಹೆಂಡತಿ, ‘ಬರುವವರಿಗೆ ನೀವು ಆರಿಸಿದ ಕಂದು ಬಣ್ಣದ ಕಪಾಟೇ ಬೇಕು ಎಂದು ಹೇಳಿದವರು ಯಾರು?’ ಎಂದಳು. ಹಳೆಯದು ಬೇರೆ, ಕೆಟ್ಟದ್ದು ಬೇರೆ. ಹಳೆಯ ಕಪಾಟು ನೋಡಿದವರು ಹೊಸದರ ಖರ್ಚನ್ನು ಮನಸ್ಸಿನಲ್ಲೇ ಹಾಕಿಕೊಂಡು ಮುಂದೆ ಹೋಗುತ್ತಾರೆ, ಅದಕ್ಕೆ ಒಂದು ಮಿತಿ ಇದೆ. ಆದರೆ ತೇವದ ಕಲೆಗೆ, ಸೊಟ್ಟ ಬಿರುಕಿಗೆ ಅವರ ಬಳಿ ಲೆಕ್ಕವಿಲ್ಲ. ಲೆಕ್ಕ ಸಿಗದ ಕಡೆ ಮನಸ್ಸು ದೊಡ್ಡ ಮೊತ್ತವನ್ನೇ ಊಹಿಸುತ್ತದೆ. ನನಗೆ ಎರಡು ದಿನದ ಗ್ರೌಟ್ ಕೆಲಸವಾಗಿದ್ದದ್ದು ಅವರಿಗೆ ಇಡೀ ಸ್ನಾನದ ಕೋಣೆ ಒಡೆಸುವ ಕೆಲಸ. ಅಂಥ ಭಯ ಹುಟ್ಟಿಸುವುದನ್ನೆಲ್ಲ ಸರಿಪಡಿಸುವುದು, ರುಚಿಗೆ ಬಿಟ್ಟದ್ದನ್ನೆಲ್ಲ ಹಾಗೆಯೇ ಬಿಡುವುದು ಎಂದು ನಿಶ್ಚಯಿಸಿದೆವು. ಮಾಡಿಸುವ ಪಟ್ಟಿಯಿಂದ ಕಪಾಟಿನ ಹೆಸರು ತೆಗೆದುಹಾಕಿದೆ, ಸ್ವಲ್ಪ ಹೊಟ್ಟೆಯುರಿಯಿಂದಲೇ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಮಾತ್ರ ಗೊಂದಲಕ್ಕೆ ತಂದಿತು. ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದೆ. ಗೋಡೆ ಒಣಗುವಷ್ಟು ಕಾಲವೂ ಅದು ಗೆರೆ ದಾಟಲಿಲ್ಲ, ಅಗಲವೂ ಒಂದು ಮಿಲಿಮೀಟರಿನೊಳಗೇ ಉಳಿಯಿತು. ಆದರೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿದೆ. ಕಿಟಕಿ, ಬಾಗಿಲುಗಳ ಮೂಲೆಯಲ್ಲಿ ಒತ್ತಡ ಒಟ್ಟಾಗುವುದರಿಂದ ಗಿಲಾವಿನಲ್ಲಿ ಇಂಥ ಕೂದಲೆಳೆಯ ಬಿರುಕು ಬರುತ್ತದೆ, ತಳಪಾಯ ಕುಸಿದದ್ದಲ್ಲ ಎಂದು ಅವರು ಬರೆದುಕೊಟ್ಟರು. ಬಿರುಕನ್ನು ಮುಚ್ಚಿಸಲಿಲ್ಲ. ಹೊಸ ಬಣ್ಣದ ಗೋಡೆಯಿಂದ ಒಂದು ಪಾಠ ಸಿಕ್ಕಿತ್ತಲ್ಲ. ಪೆನ್ಸಿಲ್ ಗೆರೆಯೂ ಎಂಜಿನಿಯರ್ ಬರಹವೂ ಜೊತೆಗಿರಲಿ ಎಂದು ಬಿಟ್ಟೆ.

ಲೆಕ್ಕಾಚಾರಕ್ಕೆ ಸೇರದ ಕೆಲಸವೂ ಒಂದಿತ್ತು. ವಿದ್ಯುತ್ ಸೋರಿಕೆಯಾದರೆ ಸಂಪರ್ಕ ಕಡಿದುಹಾಕುವ 30 ಮಿಲಿಆಂಪಿಯರ್‌ನ ಸಾಧನದಲ್ಲಿ ಪರೀಕ್ಷೆಗೆಂದೇ ಒಂದು ಗುಂಡಿ ಇರುತ್ತದೆ. ಒತ್ತಿದರೆ ಕರೆಂಟು ಹೋಗಬೇಕು. ನಮ್ಮಲ್ಲಿ ಹೋಗಲಿಲ್ಲ. ಎಷ್ಟು ವರ್ಷದಿಂದ ಹೋಗುತ್ತಿರಲಿಲ್ಲವೋ, ನಾನು ಒತ್ತಿಯೇ ಇರಲಿಲ್ಲ. ಕೊಳ್ಳುವವರು ಯಾರೂ ಆ ಗುಂಡಿ ಒತ್ತಿ ನೋಡುವುದಿಲ್ಲ, ಅದಕ್ಕಾಗಿ ಹೆಚ್ಚು ಹಣವನ್ನೂ ಕೊಡುವುದಿಲ್ಲ. ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿದೆ.

ಉಳಿದವು ಚಿಲ್ಲರೆ: ಎರಡು ನಲ್ಲಿಗಳ ವಾಷರ್, ಉರಿಯದ ಬಲ್ಬುಗಳು, ತಾರಸಿಯ ನೀರು ಹೋಗುವ ತೂತಿಗೆ ಸಿಕ್ಕಿಕೊಂಡಿದ್ದ ಎಲೆಗಳು, ಕಿಟಕಿ ಗಾಜು ಒರೆಸುವುದು. ನೆಲದಲ್ಲಿ ಸೀಳಿದ್ದ ಒಂದು ಟೈಲ್ಸ್ ಮುಟ್ಟಲಿಲ್ಲ. ಅದೇ ಮಾದರಿ ಸಿಕ್ಕಿದರೂ ಹೊಸದಾಗಿ ತಯಾರಾದ ಟೈಲ್ಸ್‌ನ ಬಣ್ಣ ಹಳೆಯದರ ಜೊತೆ ಹೊಂದುವುದಿಲ್ಲ. ಸೀಳಿಗಿಂತ ತೇಪೆಯೇ ಎದ್ದು ಕಾಣುತ್ತದೆ. ಕಲೆ ಹಿಡಿದಿದೆ ಎಂದು ಕೈ ತೊಳೆಯುವ ಬೇಸಿನ್ ಬದಲಾಯಿಸಿದ್ದು ನೀರಿನಲ್ಲಿ ಹೋಮ. ಬಂದವರಲ್ಲಿ ಒಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.

ಕೊನೆಗೆ ಮನೆ ಕೊಂಡವರು ಬಂದಾಗ ಒಂದು ಕಡತ ಅವರ ಮುಂದಿಟ್ಟೆ. ಗಿಲಾವು ಕಿತ್ತಾಗಿನ ಗೋಡೆಯ ಫೋಟೊಗಳು, ತಾರೀಖುಗಳು, ಪ್ಲಂಬರ್ ಕೊಟ್ಟ ರಸೀದಿ, ಎಂಜಿನಿಯರ್ ಬರಹ, ಜೊತೆಗೆ ನಾವು ಮಾಡಿಸದೆ ಬಿಟ್ಟ 23 ಕೆಲಸಗಳ ಪಟ್ಟಿ. ಆ ಪಟ್ಟಿಯೇ ಚೌಕಾಸಿಗೆ ದಾರಿಯಾಗುತ್ತದೆ ಎಂದು ನನ್ನ ಹೆಂಡತಿಗೆ ಅಳುಕಿತ್ತು. ಅವರು ಪೆನ್ನು ಹಿಡಿದು ಒಂದೊಂದೇ ಸಾಲು ಓದಿದರು. ತೇವದ ಗೋಡೆಗೆ ಅಂಗೈ ಇಟ್ಟು ನೋಡಿ ಬಂದು ಕೂತರು. ಸೀಳಿದ ಟೈಲ್ಸ್, ತುಕ್ಕು ಹಿಡಿದ ಕಿಟಕಿ ಸರಳುಗಳಿಗೆ ಒಂದಿಷ್ಟು ಇಳಿಸಲು ಕೇಳಿದರು, ಇಳಿಸಿದೆ.

ಕೊನೆಯ ಸಾಲಿನ ಹತ್ತಿರ ಪೆನ್ನು ನಿಂತಿತು. ‘ಅಡುಗೆಮನೆಯ ಕಪಾಟನ್ನು ಯಾಕೆ ಬರೆದಿದ್ದೀರಿ? ಅದು ಇರುವ ಗೋಡೆ ಭಾರ ಹೊರುವುದಲ್ಲ ಎಂದರೆ ಒಡೆಸಿ ನಡುಮನೆಗೆ ಸೇರಿಸುತ್ತೇವೆ. ಹೊಸ ಕಪಾಟು ಇದ್ದರೂ ಕಿತ್ತು ಬಿಸಾಡಬೇಕು’ ಎಂದರು. ಬಡಗಿಯ ಅಂದಾಜುಪಟ್ಟಿ ಆಗಲೂ ನನ್ನ ಜೇಬಿನಲ್ಲಿತ್ತು. ನಾನು ಹೆಂಡತಿಯ ಕಡೆ ನೋಡಲು ಹೋಗಲಿಲ್ಲ.