ಒಕಾಸನ್ ಮನೆಯಲ್ಲಿ ಕಲಿತ ಜಪಾನಿ

2018ರ ಸೆಪ್ಟೆಂಬರ್ ಕೊನೆಗೆ ನಾನು ಕನಜಾವಾಕ್ಕೆ ಹೋದೆ. ಜಪಾನ್ ಸಮುದ್ರದ ಕಡೆಯ ಊರು ಅದು. ಟೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಎರಡೂವರೆ, ಮೂರು ಗಂಟೆ ಆಗುತ್ತದೆ. ಹತ್ತು ತಿಂಗಳು ಅಲ್ಲಿ ಭಾಷೆ ಕಲಿತೆ. ಉಳಿದುಕೊಂಡದ್ದು ಒಂದು ಕುಟುಂಬದ ಜೊತೆ. ಅರವತ್ತು ದಾಟಿದ ಗಂಡ ಹೆಂಡತಿ, ಮಕ್ಕಳು ಬೇರೆ ಊರಲ್ಲಿ. ಮೊದಲ ದಿನವೇ 'ಒಕಾಸನ್, ಒತೋಸನ್ ಅಂತ ಕರಿ' ಅಂದರು. ಅಂದರೆ ಅಮ್ಮ, ಅಪ್ಪ.

ಹೋಗುವ ಮೊದಲು ಬೆಂಗಳೂರಿನಲ್ಲಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್4 ಹಂತ ಪಾಸಾಗಿತ್ತು. ಆದರೂ ಊಟದ ಮೇಜಿನ ಮುಂದೆ ನನಗೆ ಮಾತೇ ಬರುತ್ತಿರಲಿಲ್ಲ. ಕಾರಣ ಆಮೇಲೆ ತಿಳಿಯಿತು. ನಾನು ಓದಿದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದವು. ಹಾಗಾಗಿ ಮನಸ್ಸಿಗೆ ಕನ್ನಡದಲ್ಲಿ ಬಂದದ್ದನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಜಪಾನಿಗೆ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಅವರ ಮಾತು ಹವಾಮಾನದಿಂದ ಪಕ್ಕದ ಮನೆಯ ನಾಯಿಗೆ ಹೋಗಿರುತ್ತಿತ್ತು.

ಎರಡನೇ ವಾರದ ಒಂದು ಸಂಜೆ ಒಕಾಸನ್ ತಾವರೆ ಬೇರನ್ನು ತುರಿದು, ಆವಿಯಲ್ಲಿ ಬೇಯಿಸಿ ತಂದಿಟ್ಟರು. ಆ ಊರಿನ ತಾವರೆ ಬೇರಿಗೆ ಒಳ್ಳೆ ಹೆಸರು. ಬಟ್ಟಲು ನನ್ನ ಕಡೆ ಸರಿಸಿ 'ತಬೆತೆ ಮಿತೆ' ಅಂದರು. ತಬೆತೆ ಅಂದರೆ ತಿಂದು. ಮಿತೆ ಅಂದರೆ ನೋಡು. ತಿಂದು ನೋಡು! ನಮ್ಮ ಅಮ್ಮ ಅಡುಗೆಮನೆಯಲ್ಲಿ ನಿಂತು ಹೇಳುವ ಮಾತೇ ಅದು. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ವಿವರಣೆ ಇತ್ತು. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನ ಮನೆಮಾತಲ್ಲಿ ಅದು ಮೊದಲೇ ಇದೆ ಅಂತ ಹೊಳೆದದ್ದು ಆ ಸಂಜೆ.

ಅವತ್ತು ರಾತ್ರಿಯೇ ಹೊಸ ನೋಟ್‌ಬುಕ್ ಶುರು ಮಾಡಿದೆ. ಎಡಗಡೆ ಜಪಾನಿ, ಬಲಗಡೆ ಕನ್ನಡ, ಇಂಗ್ಲಿಷಿಗೆ ಜಾಗವೇ ಇಲ್ಲ. ವಸುರೆತೆ ಶಿಮತ್ತ, ಮರೆತುಬಿಟ್ಟೆ. ತ್ಸುಕುತ್ತೆ ಒಕು, ಮಾಡಿ ಇಡು. ಕುರು ತೊ ಇತ್ತ, ಬರ್ತೀನಿ ಅಂತ ಹೇಳಿದರು. ಸಮುಯ್ ನೆ, ಚಳಿ ಅಲ್ವಾ. ಪದಗಳು ಬರುವ ಸಾಲು ಕೂಡ ಹೆಚ್ಚುಕಡಿಮೆ ನಮ್ಮದೇ, ಕ್ರಿಯಾಪದ ಕೊನೆಗೆ. ವಸ್ತುಗಳನ್ನು ಹಿತೊತ್ಸು, ಫುತತ್ಸು ಅಂತ ಎಣಿಸುತ್ತಾರೆ, ಜನರನ್ನು ಹಿತೊರಿ, ಫುತರಿ ಅಂತ. ಒಂದು, ಎರಡು, ಒಬ್ಬರು, ಇಬ್ಬರು. ಮಳೆಗಂತೂ ನಮ್ಮ ಹಾಗೇ ಜೋಡಿ ಪದಗಳು. ಜಿಟಿಜಿಟಿ ಮಳೆ ಅವರಿಗೆ ಶಿತೊಶಿತೊ, ಧೋ ಎಂದು ಸುರಿದರೆ ಝಾಝಾ. ಎದೆ ಡವಡವ ಅಂದರೆ ದೊಕಿದೊಕಿ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಲ್ಲಿ 'ಇತ್ತೆಕಿಮಸು' ಅನ್ನಬೇಕು. ಹೋಗಿ ಬರ್ತೀನಿ ಅಂತ. ಒಳಗಿನಿಂದ 'ಇತ್ತೆರಶ್ಶಾಯ್' ಅಂತ ಉತ್ತರ ಬರುತ್ತದೆ, ಹೋಗಿ ಬಾ. 'ಹೋಗ್ತೀನಿ' ಅಂದರೆ ನಮ್ಮ ಅಜ್ಜಿ ಬಯ್ಯುತ್ತಿದ್ದರು. ಹಾಗಾಗಿ ಈ ಮಾತನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಉಚ್ಚಾರಕ್ಕೂ ಕನ್ನಡ ತುಂಬಾ ಸಹಾಯ ಮಾಡಿತು. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆ ಚೀಟಿ, ಕೀತೆ ಅಂದರೆ ಕೇಳು. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ. ಒಬಾಸನ್ ಅಂದರೆ ಅಜ್ಜಿ. ತರಗತಿಯಲ್ಲಿ ಹಲವರು ಇದರಲ್ಲಿ ತಿಂಗಳುಗಟ್ಟಲೆ ಒದ್ದಾಡಿದರು. ಹ್ರಸ್ವ, ದೀರ್ಘ, ಒತ್ತಕ್ಷರ ಕಲಿತು ಬೆಳೆದವರಿಗೆ ಅದು ಕಷ್ಟವೇ ಅಲ್ಲ. ಅವರ ಅಕ್ಷರಮಾಲೆಯ ಸಾಲು ಕೂಡ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ. ಭಾರತದ ಸಿದ್ಧಂ ಲಿಪಿಯನ್ನು ಓದಿದ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮ ಅದು.

ಒತೋಸನ್ ಮಾತು ಮಾತ್ರ ತರಗತಿಯಲ್ಲಿ ಕಲಿತ ಹಾಗೆ ಇರಲಿಲ್ಲ. ಅವರದು ಕನಜಾವಾದ ಆಡುಮಾತು. 'ತಬೆಮಶ್ಶಿ' ಅನ್ನುತ್ತಿದ್ದರು. ಅದು ಆಜ್ಞೆಯಲ್ಲ, ಪ್ರೀತಿಯಿಂದ ಹೇಳುವುದು. ನಾನು ಧಾರವಾಡದವಳು. ನನ್ನ ಕಿವಿಗೆ ಅದು ನಮ್ಮ 'ತಿನ್ರಿ' ಅಂತಲೇ ಕೇಳಿಸಿತು. ನವೆಂಬರ್ 1ಕ್ಕೆ ಕೆನ್ರೊಕುಎನ್ ತೋಟದಲ್ಲಿ ಪೈನ್ ಮರಗಳಿಗೆ ಹಗ್ಗ ಕಟ್ಟಲು ಶುರು ಮಾಡುತ್ತಾರೆ. ಅಲ್ಲಿನ ಹಿಮ ಒದ್ದೆ, ಭಾರ ಜಾಸ್ತಿ, ಕೊಂಬೆ ಮುರಿಯಬಾರದು ಅಂತ. ಅದನ್ನು ತೋರಿಸಲು ಒತೋಸನ್ ಕರೆದುಕೊಂಡು ಹೋದರು. ಒಂದು ಗಂಟೆ ಅವರು ಮಾತಾಡಿದರು, ನಾನು ಹೂಂಗುಟ್ಟಿದೆ. ಅದನ್ನೂ ಕಲಿಯಬೇಕು. ಜಪಾನಿಯಲ್ಲಿ ಕೇಳುವವರು ನಡುನಡುವೆ 'ಉನ್, ಉನ್' ಅನ್ನದಿದ್ದರೆ ಹೇಳುವವರು ಮಾತು ನಿಲ್ಲಿಸಿಬಿಡುತ್ತಾರೆ.

ಊಟದ ವಿಷಯ ಸ್ವಲ್ಪ ಹೇಳುತ್ತೇನೆ, ಸಸ್ಯಾಹಾರಿಗಳು ತುಂಬಾ ಕೇಳುತ್ತಾರೆ. 'ಮಾಂಸ, ಮೀನು ತಿನ್ನುವುದಿಲ್ಲ' ಅಂದರೆ ಸಾಲದು. ಮಿಸೊ ಸಾರಿನ ತಿಳಿಯಲ್ಲೇ ಸಾಮಾನ್ಯವಾಗಿ ಒಣಮೀನಿನ ರಸ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊದಲ ವಾರ ನಾನು ಇದನ್ನು ಸರಿಯಾಗಿ ವಿವರಿಸಲಾರದೆ ಅನ್ನ, ಉಪ್ಪಿನಕಾಯಿಯಲ್ಲೇ ಮುಗಿಸುತ್ತಿದ್ದೆ. ಒಕಾಸನ್ ಬೇಜಾರಾದರು. ಆಮೇಲೆ 'ಶೋಜಿನ್ ರ್‍ಯೋರಿ' ಅಂತ ಹೇಳಿದೆ, ಬೌದ್ಧ ಮಠಗಳ ಅಡುಗೆ. ಅವರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅವತ್ತಿನಿಂದ ರಾತ್ರಿಯೇ ಕೊಂಬು ಎಂಬ ಕಡಲಪಾಚಿಯನ್ನು ತಣ್ಣೀರಲ್ಲಿ ನೆನೆಹಾಕಿ ನನ್ನ ಸಾರಿಗೆ ಬೇರೆ ತಿಳಿ ಮಾಡಿದರು. ಹೋಗುವ ಮೊದಲೇ ಈ ಪದ ಕಲಿತು ಹೋಗಿ.

ಕನ್ನಡ ಕೈಕೊಟ್ಟ ಜಾಗವೂ ಇದೆ. ನಮಗೆ 'ಕೊಡು' ಒಂದೇ. ಅವರಿಗೆ ನಾನು ಬೇರೆಯವರಿಗೆ ಕೊಟ್ಟರೆ 'ಅಗೆರು', ಬೇರೆಯವರು ನನಗೆ ಕೊಟ್ಟರೆ 'ಕುರೆರು'. ಊರಿಂದ ತಂದ ಪೇಡೆಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದು, 'ಕುರೆತ' ಅಂದೆ. ಅವರೇ ನನಗೆ ಕೊಟ್ಟರು ಅಂತ ತಿಳಿದು ಒಕಾಸನ್ ಧನ್ಯವಾದ ಹೇಳಲು ಹೊರಟೇಬಿಟ್ಟರು. ನಾನು ಬಾಗಿಲವರೆಗೆ ಓಡಬೇಕಾಯಿತು.

ಇಂಥದ್ದನ್ನು ತಿದ್ದಲು ನಾವು ಒಂದು ಕ್ರಮ ಮಾಡಿಕೊಂಡೆವು. ದಿನಾ ರಾತ್ರಿ ನಾಲ್ಕು ಸಾಲು ದಿನಚರಿ ಬರೆದು ಮೇಜಿನ ಮೇಲೆ ಇಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಅದರಲ್ಲಿ ಒಕಾಸನ್ ಕೆಂಪು ಪೆನ್ಸಿಲಿನ ಗುರುತು ಇರುತ್ತಿತ್ತು. ಪೂರ್ತಿ ಸರಿ ಇದ್ದರೆ ಹನಮರು, ಅಂದರೆ ಅಲ್ಲಿನ ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೆ ಹಾಕುವ ಹೂವಿನ ಸುತ್ತು. ತರಗತಿಗಿಂತ ಈ ನಾಲ್ಕು ಸಾಲೇ ನನಗೆ ಜಾಸ್ತಿ ಕಲಿಸಿತು. ಕುರೆರು ಮಾತ್ರ ಕೊನೆಯವರೆಗೂ ಕೆಂಪಾಗುತ್ತಲೇ ಇತ್ತು.

ಕನಜಾವಾದಲ್ಲಿ ಒಂದು ಮಾತಿದೆ: ಬುತ್ತಿ ಮರೆತರೂ ಕೊಡೆ ಮರೆಯಬೇಡ. ಜುಲೈನಲ್ಲಿ ಹೊರಡುವಾಗ ಒಕಾಸನ್ ನನಗೆ ಒಂದು ನೀಲಿ ಕೊಡೆ ಕೊಟ್ಟರು. ಊರಿಗೆ ಬಂದು ಪತ್ರ ಬರೆದೆ. 'ಕಸಾ ಒ ಕುರೆತೆ ಅರಿಗತೊ.' ಕೊಡೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಂತ. ಮೂರು ವಾರಕ್ಕೆ ಉತ್ತರ ಬಂತು. ಜೊತೆಗೆ ನನ್ನ ಪತ್ರದ ಫೋಟೊ ಇತ್ತು. ಅದರಲ್ಲಿ 'ಕುರೆತೆ' ಅನ್ನುವ ಪದದ ಸುತ್ತ ಕೆಂಪು ಹೂವು.