ಕಾಂಪೋಸಿಟ್ ಫಿಲ್ಲಿಂಗ್: ಸಡಿಲ ಕಾಂಟ್ಯಾಕ್ಟ್ ಬಿಗಿಯಾದದ್ದು ಹೀಗೆ

ದವಡೆ ಹಲ್ಲಿನ ಸಂದಿಯಲ್ಲಿ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ತುಂಬಿದ ಮೇಲೆ ಫ್ಲಾಸ್ (ಸಂದಿ ಶುಚಿ ಮಾಡುವ ದಾರ) ತಡೆಯೇ ಇಲ್ಲದೆ ಜಾರುತ್ತಿತ್ತು, ಅಂದರೆ ಕಾಂಟ್ಯಾಕ್ಟ್ (ಪಕ್ಕದ ಹಲ್ಲಿಗೆ ತಾಗುವ ಜಾಗ) ಸಡಿಲ; ವಾರದೊಳಗೆ ರೋಗಿ ‘ಅನ್ನ ಸಿಕ್ಕಿಹಾಕಿಕೊಳ್ಳುತ್ತೆ’ ಅಂತ ವಾಪಸ್. ಟಾಫಲ್‌ಮೈರ್ ಬ್ಯಾಂಡ್ (ಹಲ್ಲಿನ ಸುತ್ತ ಕಟ್ಟುವ ತೆಳು ಲೋಹದ ಪಟ್ಟಿ) ಬಿಗಿ ಮಾಡಿದೆ, ಇನ್ನಷ್ಟು ಚಪ್ಪಟೆಯಾಯಿತು. ಗಟ್ಟಿ ಕಾಂಪೋಸಿಟ್ ಒತ್ತಿ ತುಂಬಿದರೂ ಅಷ್ಟೇ. ಅದು ಬೆಳ್ಳಿ ಬಣ್ಣದ ಫಿಲ್ಲಿಂಗ್ ಆದ ಅಮಾಲ್ಗಮ್‌ನಂತೆ ಬ್ಯಾಂಡನ್ನು ತಳ್ಳುವುದಿಲ್ಲ.

ಕೆಲಸಕ್ಕೆ ಬಂದ ಕ್ರಮ: ಕೊರೆಯುವ ಮೊದಲೇ ಸಂದಿಗೆ ಮರದ ವೆಡ್ಜ್ (ಬೆಣೆ). ಕ್ಯಾವಿಟಿ (ತುಂಬಬೇಕಾದ ಗುಂಡಿ) ಕೊರೆದು ಮುಗಿದ ಮೇಲೆ ಉಬ್ಬಿರುವ ಸೆಕ್ಷನಲ್ ಮ್ಯಾಟ್ರಿಕ್ಸ್ (ಸಂದಿಯ ಕಡೆಗಷ್ಟೇ ಇಡುವ ತುಂಡು ಪಟ್ಟಿ), ಮತ್ತೆ ವೆಡ್ಜ್, ಕೊನೆಗೆ ರಿಂಗ್ (ಸ್ಪ್ರಿಂಗಿನಂಥ ಬಳೆ). ವೆಡ್ಜ್ ಮುಖ್ಯವಾಗಿ ಕೆಳ ಅಂಚು ಮುಚ್ಚಲಿಕ್ಕೆ; ಹಲ್ಲುಗಳನ್ನು ಸರಿಸಿ ಹಿಡಿಯುವುದು ರಿಂಗ್. ವೆಡ್ಜ್ ಎತ್ತರವಾದರೆ ಕಾಂಟ್ಯಾಕ್ಟ್ ಜಾಗವನ್ನೇ ಒಳಕ್ಕೆ ಒತ್ತುತ್ತದೆ (ನನ್ನ ಹಳೆಯ ತಪ್ಪು ಇದೇ). ನುಣುಪು ತುದಿಯ ಉಪಕರಣ ಬರ್ನಿಶರ್‌ನಿಂದ ಮ್ಯಾಟ್ರಿಕ್ಸನ್ನು ಪಕ್ಕದ ಹಲ್ಲಿಗೆ ತಾಗಿಸಿ, ಆಮೇಲೆ ಬಾಂಡಿಂಗ್ (ಅಂಟು ದ್ರವ). ಮೊದಲು ಸಂದಿಯ ಕಡೆಯ ಗೋಡೆ ಮಾತ್ರ, 2 ಮಿ.ಮೀ. ಮೀರದ ಪದರಗಳಲ್ಲಿ, ಒಂದೊಂದನ್ನೂ ಕ್ಯೂರ್ ಮಾಡುತ್ತಾ (ಬೆಳಕಿನಿಂದ ಗಟ್ಟಿಯಾಗಿಸುತ್ತಾ). ಗೋಡೆ ಗಟ್ಟಿಯಾದ ಮೇಲಷ್ಟೇ ರಿಂಗ್ ತೆಗೆದೆ. ಉಳಿದ ಗುಂಡಿ ಸಲೀಸು. ಈಗ ಫ್ಲಾಸ್ ‘ಟಕ್’ ಅಂತ ಇಳಿಯುತ್ತದೆ.