ಮನೆಯಲ್ಲೇ ನೋಡಿಕೊಳ್ಳುವವರು ಮೊದಲು ಯಾವ ಕಾಗದ ಮಾಡಿಸಬೇಕು

ನನ್ನ ತಮ್ಮನಿಗೆ ಈಗ 26 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಅಪ್ಪ ಹೋದರು, ಅಮ್ಮನಿಗೆ ಮಂಡಿನೋವು. ಬೆಳಿಗ್ಗೆ ಅವನನ್ನು ಎಬ್ಬಿಸಿ ಕೂರಿಸುವುದರಿಂದ ರಾತ್ರಿ ಮಗ್ಗುಲು ಬದಲಿಸುವವರೆಗೆ ಎಲ್ಲ ನನ್ನ ಪಾಲಿಗೇ ಬಂತು. "ಸರ್ಕಾರ ನಿನಗೇನೂ ಕೊಡಲ್ವೇನೇ?" ಅಂತ ಕೇಳದ ನೆಂಟರಿಲ್ಲ. ಕೊಡುತ್ತದೆ, ಆದರೆ ಬಹುಪಾಲು ಅವನ ಹೆಸರಿನ ಕಾಗದದ ಮೇಲೆ ಬರುತ್ತದೆ. ಆ ಕಾಗದಗಳಿಗೆ ಹಿಂದುಮುಂದು ಅಂತ ಒಂದಿದೆ. ಅದು ಗೊತ್ತಿಲ್ಲದೆ ನಾನು ಎರಡು ವರ್ಷ ಕಚೇರಿ ಸುತ್ತಿದೆ.

ಮೊದಲನೆಯದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಇದಿಲ್ಲದೆ ಯಾವ ಮೇಜೂ ಮಾತಾಡುವುದಿಲ್ಲ. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಆಧಾರ್, ಫೋಟೊ ಕೊಟ್ಟು ಅರ್ಜಿ ಹಾಕಿದರೆ ತಪಾಸಣೆಗೆ ಆಸ್ಪತ್ರೆಗೆ ಕರೆಯುತ್ತಾರೆ. ಹಳ್ಳಿಯವರಾದರೆ ಸೈಬರ್ ಸೆಂಟರ್‌ಗೆ ದುಡ್ಡು ಸುರಿಯುವ ಮೊದಲು ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಅಂತ ವಿಚಾರಿಸಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂದರೆ ಅವರೇ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ನಮ್ಮ ವಿಆರ್‌ಡಬ್ಲ್ಯೂ ಮೇಡಂ ಸ್ವತಃ ಕ್ಯಾಲಿಪರ್ ಹಾಕಿ ನಡೆಯುವವರು. ನಾನು ಕಲಿತದ್ದರಲ್ಲಿ ಅರ್ಧ ಅವರಿಂದ.

ತಪಾಸಣೆಯ ದಿನ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ತಮ್ಮನಿಗೆ ಹೊಸ ಅಂಗಿ ತೊಡಿಸಿ, ತಲೆ ಬಾಚಿ ಕರೆದುಕೊಂಡು ಹೋದೆ. ಹೆಸರು ಕೇಳಿದರೆ ಹೇಳಿದ, ನಕ್ಕ. ನಾನೂ ಹೆಮ್ಮೆಯಿಂದ "ಎಲ್ಲ ಅರ್ಥ ಆಗುತ್ತೆ ಸರ್" ಅಂದೆ. ವೈದ್ಯರು ಕೈಕಾಲು ಮಾತ್ರ ನೋಡಿ ಅಂಗವೈಕಲ್ಯ ಶೇ 60 ಅಂತ ಬರೆದರು. ಒಬ್ಬನೇ ಉಣ್ಣಲಾರ, ದುಡ್ಡು ಎಣಿಸಲಾರ, ಫಿಟ್ಸ್ ಬರುತ್ತದೆ ಅಂತ ನಾನು ಬಾಯಿ ಬಿಡಲೇ ಇಲ್ಲ. ನಮ್ಮವರ ಕೊರತೆಯನ್ನು ಅವರ ಎದುರೇ ಹೇಳುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಊಟ, ಸ್ನಾನ, ಶೌಚ, ನಿದ್ದೆ, ಮಾತು, ಯಾವುದಕ್ಕೆ ಎಷ್ಟು ನೆರವು ಬೇಕು ಅಂತ. ಹಳೆಯ ಚೀಟಿಗಳ ಜೊತೆ ವೈದ್ಯರ ಕೈಗೆ ಕೊಡಿ. ಒಂದಕ್ಕಿಂತ ಹೆಚ್ಚು ತೊಂದರೆ ಇದ್ದರೆ ಪ್ರತಿಯೊಂದನ್ನೂ ಪರೀಕ್ಷಿಸಿ ಅಂತ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಬೌದ್ಧಿಕ ಅಂಗವೈಕಲ್ಯ ಅದರಲ್ಲಿ ಬೇರೆಯೇ. ಕೊಟ್ಟ ಪ್ರಮಾಣ ಸರಿಯಿಲ್ಲ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ನಾವು ಹಾಕಿದೆವು. ಎರಡನೇ ಸಲ ಮನಶ್ಶಾಸ್ತ್ರಜ್ಞರೂ ನೋಡಿದರು, ಶೇ 80 ದಾಟಿತು.

ಈ ಅಂಕಿಗಾಗಿ ಯಾಕಿಷ್ಟು ಜಗ್ಗಾಟ ಅಂದರೆ, ಬಹಳಷ್ಟು ಬಾಗಿಲು ತೆರೆಯುವುದು ಶೇ 40ಕ್ಕೆ. ಶೇ 75 ದಾಟಿದರೆ ನಮ್ಮ ರಾಜ್ಯದ ಮಾಸಾಶನ ಏರುತ್ತದೆ. ಶೇ 80 ಆದರೆ ಆದಾಯ ತೆರಿಗೆಯಲ್ಲಿ 'ತೀವ್ರ' ಅಂತ ಲೆಕ್ಕ. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ನೋಡಿಕೊಳ್ಳುವವರ ಹೆಸರಿಗೇ ಬರುವ ಹಣ. ಆ 2016ರ ಕಾಯ್ದೆ 'ಆರೈಕೆದಾರ' ಅಂದರೆ ಯಾರು ಅಂತ ಹೇಳುವಾಗ ಸಂಬಳ ಪಡೆದೋ ಪಡೆಯದೆಯೋ ನೋಡಿಕೊಳ್ಳುವವರು, ತಂದೆತಾಯಿ ಮತ್ತು ಮನೆಯವರೂ ಸೇರಿ, ಅನ್ನುತ್ತದೆ. 24ನೇ ಸೆಕ್ಷನ್ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡುತ್ತದೆ. ಕರ್ನಾಟಕದ 2024–25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದರು. ಕೇಳಬೇಕಾದ್ದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ. ಸಾವಿರ ರೂಪಾಯಿ ಡೈಪರ್‌ಗೂ ಸಾಲದು. ಬಿಡಬೇಡಿ ಅಷ್ಟೆ.

ನಾನು ನಿಜವಾಗಿ ಎಡವಿದ್ದು ಬ್ಯಾಂಕಿನಲ್ಲಿ. ತಮ್ಮನಿಗೆ 18 ತುಂಬಿದ ಮೇಲೆ ಅವನ ಖಾತೆಯಿಂದ ಹಣ ತೆಗೆಯಲು ಹೋದರೆ, "ಅವರು ಮೇಜರ್ ಆಗಿದ್ದಾರಮ್ಮ, ಅವರದೇ ಸಹಿ ಬೇಕು" ಅಂದರು. ಅಮ್ಮ ಅಳುತ್ತಾ, "ಹೆತ್ತವಳು ನಾನಲ್ವೇನಪ್ಪಾ?" ಅಂದರು. ಕಾನೂನಿನಲ್ಲಿ ಹೆತ್ತ ತಾಯಿಯ ಪಾಲಕತ್ವವೂ 18ಕ್ಕೆ ಮುಗಿಯುತ್ತದೆ. ಇದಕ್ಕೆ ದಾರಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟರೆ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತಾರೆ. ಕೋರ್ಟಿಗೆ ಅಲೆಯಬೇಕಿಲ್ಲ. ಅಮ್ಮನಿಗೆ ವಯಸ್ಸಾಯಿತು ಅಂತ ನನ್ನ ಹೆಸರೇ ಕೊಟ್ಟೆವು. ಆ ಪ್ರಮಾಣಪತ್ರವನ್ನು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಕೌಂಟರಿನಲ್ಲಿ ಇರುವವರಿಗೆ ಗೊತ್ತಿಲ್ಲದಿದ್ದರೆ ನೇರ ಮ್ಯಾನೇಜರ್ ಹತ್ತಿರ ಹೋಗಿ. ನಿಮ್ಮ ಮಗುವಿಗೆ ಈಗ 17 ಆಗಿದ್ದರೆ ಕಾಗದ ಜೋಡಿಸಲು ಇವತ್ತೇ ಕೂತುಕೊಳ್ಳಿ.

ಇದೇ ನಾಲ್ಕು ಸ್ಥಿತಿಗಳಿಗೆ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ವಿಮೆಗೆ ಮುಂಚೆ ವೈದ್ಯಕೀಯ ತಪಾಸಣೆ ಇಲ್ಲ, ಥೆರಪಿ ಖರ್ಚೂ ಸೇರುತ್ತದೆ. ಮೊದಲು ನಾವೇ ಕಟ್ಟಿ ಆಮೇಲೆ ಬಿಲ್ ಕಳಿಸಬೇಕು, ಹಾಗಾಗಿ ಫಿಸಿಯೋಥೆರಪಿಯ ಸಣ್ಣ ರಸೀದಿಯನ್ನೂ ಎಸೆಯಬೇಡಿ.

ತೆರಿಗೆಯ ವಿಷಯಕ್ಕೆ ಬಂದರೆ ಮನೆಯಲ್ಲಿ ಒಂದು ಮಾತುಕತೆ ಆಗಲೇಬೇಕು. ಎಲ್ಲರೂ 80ಡಿಡಿ ಅನ್ನುವ ವಿನಾಯಿತಿಯಲ್ಲಿ ಶೇ 40 ಮೇಲ್ಪಟ್ಟ ಅವಲಂಬಿತರಿಗೆ 75,000, ಶೇ 80 ಮೇಲ್ಪಟ್ಟವರಿಗೆ 1,25,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಇದಕ್ಕೆ ಸೇರುತ್ತಾರೆ, ಭಾವಮೈದುನ ಸೇರುವುದಿಲ್ಲ. ಹಾಗಾಗಿ ನಮ್ಮ ಯಜಮಾನರು ಕೇಳುವಂತಿಲ್ಲ. ಬೆಂಗಳೂರಿನಲ್ಲಿದ್ದುಕೊಂಡು ತಮ್ಮನ ಖರ್ಚಿಗೆ ತಿಂಗಳು ತಿಂಗಳು ಹಣ ಕಳಿಸುವ ಅಣ್ಣ ಕೇಳುತ್ತಾನೆ. ಶೇ 20ರ ತೆರಿಗೆಯಲ್ಲಿ ಸೆಸ್ ಸೇರಿ 26,000 ಉಳಿಯುತ್ತದೆ. "ಆ ಹಣ ನನ್ನ ಕೈಗೆ ಕೊಡೋ" ಅಂತ ಕೇಳಲು ನನಗೆ ಮೂರು ವರ್ಷ ಧೈರ್ಯ ಬರಲಿಲ್ಲ. ಕೇಳಿದೆ, ಕೊಟ್ಟ. ನೀವೂ ಕೇಳಿ.

ಮನೆಯಲ್ಲಿ ಕೇಂದ್ರ ಸರ್ಕಾರಿ ನೌಕರರಿದ್ದರೆ ಅಂಗವಿಕಲ ಅವಲಂಬಿತರ ಆರೈಕೆದಾರರು ಅನ್ನುವ ಕಾರಣಕ್ಕೆ ವಾಡಿಕೆಯ ವರ್ಗಾವಣೆಯಿಂದ ಬಿಡುಗಡೆ ಕೇಳಬಹುದು. ರೈಲಿನಲ್ಲಿ, ಜೊತೆಯವರಿಲ್ಲದೆ ಓಡಾಡಲಾಗದವರಿಗೆ ಸ್ಲೀಪರ್ ದರದಲ್ಲಿ ಶೇ 75 ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ.

ಮರೆವಿನ ಕಾಯಿಲೆಯ ಅತ್ತೆ ಮಾವಂದಿರನ್ನು ನೋಡಿಕೊಳ್ಳುವವರಿಗೆ ನ್ಯಾಷನಲ್ ಟ್ರಸ್ಟ್ ಸಮಿತಿ ಉಪಯೋಗಕ್ಕೆ ಬರುವುದಿಲ್ಲ. ಹಿರಿಯರ ಬುದ್ಧಿ ಸ್ವಾಧೀನದಲ್ಲಿ ಇರುವಾಗಲೇ ಜಂಟಿ ಖಾತೆ, ನಾಮಿನಿ ಎಲ್ಲ ಮುಗಿಸಿ. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಸುಮ್ಮನಿರಬೇಡಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದೂ ಬಿದ್ದುಹೋಗುತ್ತದೆ. ಪಿಂಚಣಿಯವರ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಮುಗಿಸಬಹುದು. 70 ದಾಟಿದವರಿಗೆ ಬ್ಯಾಂಕು ಮನೆಬಾಗಿಲಿಗೇ ಬರುವ ಸೇವೆ ಕೇಳಿ. ಹಿರಿಯರ ವಿಷಯದಲ್ಲಿ ಏನೇ ಗೊಂದಲವಿದ್ದರೂ ಸಹಾಯವಾಣಿ 14567.

ನ್ಯಾಷನಲ್ ಟ್ರಸ್ಟ್ ಸಮಿತಿಯಿಂದ ಪಾಲಕರಾದ ಮೇಲೆ ಒಂದು ಕೆಲಸ ಕುತ್ತಿಗೆಗೆ ಬೀಳುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೇಮಕವಾದ ಆರು ತಿಂಗಳೊಳಗೆ ನಾವು ನೋಡಿಕೊಳ್ಳುವವರ ಆಸ್ತಿಯ ಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನು ಆ ಸಮಿತಿಗೆ ಕೊಡಬೇಕು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತೇನೆ. ಜೂನ್ 30 ಕೊನೆಯ ದಿನ. ಈ ವರ್ಷದ್ದು ಇನ್ನೂ ಅರ್ಧ ಬಾಕಿ ಇದೆ.